ಗೊಬ್ಬರದ ಡಬ್ಬಿಗೆ ಸಾರು ಸುರಿದ ಅಕ್ಕ

ಸಲಹೆಗೆಂದು ನನ್ನ ಹತ್ತಿರ ಬಂದ ದಂಪತಿಯ ಈ ಪ್ರಕರಣದಲ್ಲಿ ಹೆಸರು, ಕೆಲಸ, ಊರು ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಪುಣೆಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಇಲ್ಲಿಯ ಕಸದ ಪದ್ಧತಿ ಗೊತ್ತಿಲ್ಲದಿದ್ದರೆ ಈ ಜಗಳ ಅರ್ಥವಾಗುವುದಿಲ್ಲ.

ವೀಣಾ, ಗಿರೀಶ ಇಬ್ಬರೂ ಧಾರವಾಡ ಕಡೆಯವರು. ಪುಣೆಯ ಕೋಥರೂಡ ಬಡಾವಣೆಯಲ್ಲಿ, ನಾಲ್ಕನೇ ಮಹಡಿಯಲ್ಲಿ ಮನೆ. ಮೇ ತಿಂಗಳಲ್ಲಿ ಗಿರೀಶನ ಅಕ್ಕ ಸರೋಜಾ ಮಕ್ಕಳನ್ನು ಕರೆದುಕೊಂಡು ರಜೆಗೆ ಬಂದರು. ಮಾವಿನ ಕಾಲ, ಮನೆ ತುಂಬ ಜನ, ಹೊತ್ತು ಹೊತ್ತಿಗೆ ಅಡುಗೆ. ಒಂದು ಮಧ್ಯಾಹ್ನ ವೀಣಾ ಬಾಲ್ಕನಿಯ ಕಾಂಪೋಸ್ಟ್ ಡಬ್ಬಿ ತೆಗೆದರೆ ಬಿಳಿ ಹುಳ ಗಿಜಿಗುಟ್ಟುತ್ತಿದ್ದವು. ಉಳಿದ ಸಾರು, ಸೀಕರಣೆ, ಎಣ್ಣೆ ತೇಲುವ ಪಲ್ಯ ಎಲ್ಲ ಅದರಲ್ಲಿತ್ತು. ವೀಣಾ ಮಕ್ಕಳ ಎದುರೇ ಕೂಗಾಡಿದರು. ಅಕ್ಕ ಮರುದಿನವೇ ಬ್ಯಾಗು ಕಟ್ಟಿದರು. ಗಿರೀಶ ಹೆಂಡತಿಯ ಜೊತೆ ಮಾತು ಬಿಟ್ಟರು. ನನ್ನ ಹತ್ತಿರ ಬಂದಾಗ ಇಬ್ಬರೂ ಕುರ್ಚಿ ದೂರ ಎಳೆದುಕೊಂಡು ಕೂತರು.

ವೀಣಾ ಹೇಳಿದ್ದು ಇಷ್ಟು: "ಬಂದ ದಿನಾನೇ ಹೇಳಿದ್ದೆ, ಓಲಾ ಇಲ್ಲಿ, ಸುಕಾ ಅಲ್ಲಿ ಅಂತ." ಓಲಾ ಅಂದರೆ ಮರಾಠಿಯಲ್ಲಿ ಹಸಿ, ಸುಕಾ ಅಂದರೆ ಒಣ. ಆದರೆ ಆ ಮನೆಯಲ್ಲಿ ಹಸಿ ಕಸಕ್ಕೆ ಎರಡು ಡಬ್ಬಿ ಇವೆ. ಕಾಯಿಪಲ್ಯದ ಸಿಪ್ಪೆ, ಚಹಾದ ಚರಟ, ಹೂವು ಬಾಲ್ಕನಿಯ ಡಬ್ಬಿಗೆ. ಬೇಯಿಸಿದ್ದು ಸಿಂಕಿನ ಕೆಳಗಿನ ಡಬ್ಬಿಗೆ, ಅದನ್ನು ಬೆಳಿಗ್ಗೆ ಕಸಕ್ಕೆ ಬರುವ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಒಯ್ಯುತ್ತಾರೆ. ಅಕ್ಕನಿಗೆ ಇದನ್ನು ಯಾರು ಹೇಳಿದ್ದರು? ಯಾರೂ ಇಲ್ಲ.

ಅಕ್ಕನ ಜೊತೆ ಫೋನಿನಲ್ಲಿ ಮಾತಾಡಿದೆ, ಅವರ ಒಪ್ಪಿಗೆಯಿಂದಲೇ. "ನಮ್ಮನ್ಯಾಗ ಮುಸುರಿ ಆಕಳಿಗೆ ಹೋಗ್ತದ್ರಿ. ಅನ್ನ ಚೆಲ್ಲೋ ಪದ್ಧತಿನ ಇಲ್ಲ. ಅದು ಮಣ್ಣಾಗ್ತದ ಅಂದ್ಲು, ಛಲೋ ಆತು, ವ್ಯರ್ಥ ಆಗಂಗಿಲ್ಲ ಅಂತ ಹಾಕಿದೆ" ಅಂದರು. ಕಾಳಜಿಯಿಂದ ಮಾಡಿದ ಕೆಲಸವೇ ಬೈಗುಳಕ್ಕೆ ಕಾರಣವಾಯಿತು. ಅದಕ್ಕೇ ಅವರಿಗೆ ಅಷ್ಟು ನೋವು.

ಹಾಗಂತ ವೀಣಾ ಸಿಟ್ಟು ಸುಳ್ಳಲ್ಲ. ಗೊಬ್ಬರದ ಡಬ್ಬಿಗೆ ಬೇಯಿಸಿದ್ದು ಹಾಕಲೇಬಾರದು ಅಂತೇನಿಲ್ಲ. ಸ್ವಲ್ಪ ಹಾಕಿ, ಮೇಲೆ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಮುಚ್ಚಿದರೆ ತಡೆಯುತ್ತದೆ. ನೀರು, ಎಣ್ಣೆ, ಉಪ್ಪು ಒಟ್ಟಿಗೆ ಜಾಸ್ತಿ ಬಿದ್ದರೆ ಒಳಗೆ ಗಾಳಿ ಆಡುವುದಿಲ್ಲ, ಕೊಳೆತು ನಾರುತ್ತದೆ. ಕೆಳಗಿನ ಮನೆಯವರಿಂದ ಸೊಸೈಟಿ ವಾಟ್ಸಾಪಿಗೆ ದೂರು ಬರುವುದು ಆಮೇಲಿನ ಮಾತು. ಅಲ್ಲಿ ಅಕ್ಕನ ಹೆಸರು ಬರುವುದಿಲ್ಲ, ವೀಣಾ ಹೆಸರೇ ಬರುತ್ತದೆ.

ಇನ್ನೊಂದು ವಿಷಯವೂ ಅವರನ್ನು ಕಾಡುತ್ತಿತ್ತು. ಅಕ್ಕನ ಮಕ್ಕಳು ಅರ್ಧ ತಿಂದ ವಡಾಪಾವನ್ನು ಪೇಪರ್ ರದ್ದಿಯ ಮೇಲೆ ಎಸೆದಿದ್ದರು. ಪುಣೆಯಲ್ಲಿ ಎಷ್ಟೋ ಕಡೆ ಮನೆಬಾಗಿಲಿಗೆ ಬಂದು ಕಸ ಒಯ್ಯುವವರು 'ಸ್ವಚ್ಛ' ಸಹಕಾರಿ ಸಂಸ್ಥೆಯವರು. ಕಸ ಆಯುವವರೇ ಅದರ ಸದಸ್ಯರು. 2008ರಿಂದ ಮಹಾನಗರ ಪಾಲಿಕೆಯ ಜೊತೆ ಕೆಲಸ ಮಾಡುತ್ತಿದ್ದಾರೆ. ಮನೆಗಳು ಕೊಡುವ ತಿಂಗಳ ಶುಲ್ಕದ ಜೊತೆಗೆ ಒಣ ಕಸ ಮಾರಿದ ದುಡ್ಡೂ ಅವರ ಆದಾಯ. ಚಟ್ನಿ ಬಳಿದ ಪೇಪರ್ ಮಾರಾಟವಾಗುವುದಿಲ್ಲ. ಅದನ್ನು ಕೈಯಿಂದ ಬೇರ್ಪಡಿಸುವವರೂ ಅವರೇ. ಹಸಿ, ಒಣ, ಮನೆಯ ಅಪಾಯಕಾರಿ ಕಸ ಅಂತ ಮೂರು ಬಗೆ ಮಾಡಿ ಕೊಡಬೇಕೆಂದು 2016ರ ಕೇಂದ್ರ ನಿಯಮ ಹೇಳಿತ್ತು. ವೀಣಾಗೆ ನಿಯಮಕ್ಕಿಂತ ಬಾಗಿಲಲ್ಲಿ ನಿಲ್ಲುವ ಮಾವಶಿಯ ಮುಖ ದೊಡ್ಡದು. ಆ ಮಾತು ನನಗೆ ಹಿಡಿಸಿತು.

ಗಿರೀಶನಿಗೆ ಒಂದು ಪ್ರಶ್ನೆ ಕೇಳಿದೆ. "ಮಾವಿನ ಗೊರಟೆ ಯಾವ ಡಬ್ಬಿಗೆ?" ಅವರು ಹೆಂಡತಿಯ ಕಡೆ ನೋಡಿದರು. ವೀಣಾ ಬಂದಾಗಿನಿಂದ ಮೊದಲ ಸಲ ನಕ್ಕರು, ಸಿಟ್ಟಿನ ನಗು. ಸ್ವಂತ ಮನೆಯವನಿಗೇ ಗೊತ್ತಿಲ್ಲದ್ದನ್ನು ಬಂದವರು ತಿಳಿದಿರಬೇಕಿತ್ತು ಅನ್ನುವುದು ಹೇಗೆ?

ನನ್ನ ಮೊದಲ ಸಲಹೆ ಗಿರೀಶನಿಗೇ ಹೋಯಿತು. ಯಾರ ಕಡೆಯ ನೆಂಟರೋ ಅವರೇ ಹೇಳಬೇಕು. ನಾದಿನಿಗೆ ಸೊಸೆ ಹೇಳಿದರೆ ಅದು ತಪ್ಪು ಹಿಡಿದ ಹಾಗೆ ಕೇಳುತ್ತದೆ. ತಮ್ಮ ಹೇಳಿದರೆ ಸುಮ್ನೆ ಮಾಹಿತಿ. ಬಂದ ದಿನ ಮೊದಲ ಚಹಾ ಆದಮೇಲೆ ಅಡುಗೆಮನೆಗೆ ಕರೆದುಕೊಂಡು ಹೋಗಿ, "ಅಕ್ಕಾ, ಇದು ಹಿಂಗ ಹಿಂಗ" ಅಂತ ಕೈಮಾಡಿ ತೋರಿಸಬೇಕು. ಅದಕ್ಕೆ ಮೊದಲು ತಾನು ಒಂದು ತಿಂಗಳು ಡಬ್ಬಿಗಳ ಕೆಲಸ ಮಾಡಬೇಕು. ಗಿರೀಶ ತಲೆಯಾಡಿಸಿದರು, ಅಷ್ಟೇನೂ ಖುಷಿಯಿಂದಲ್ಲ.

ವೀಣಾ ಗೋಡೆಗೆ ಒಂದು ಪಟ್ಟಿ ಅಂಟಿಸುತ್ತೇನೆ ಅಂದರು. ಬೇಡ ಅಂದೆ. ನೆಂಟರಿಗೆ ಬೋರ್ಡು ತೋರಿಸಿದರೆ ಮನೆ ಆಫೀಸಿನ ಪ್ಯಾಂಟ್ರಿ ಆಗುತ್ತದೆ. ಬದಲಿಗೆ ಸಿಂಕಿನ ಪಕ್ಕ ಮುಚ್ಚಳ ಇರುವ ಒಂದು ಪಾತ್ರೆ ಇಡಿ. ತಾಟಿನಲ್ಲಿ ಉಳಿದದ್ದೆಲ್ಲ ಅದರಲ್ಲೇ ಹಾಕಲು ಹೇಳಿ, ಬೇರೆ ಮಾಡುವುದನ್ನು ರಾತ್ರಿ ನೀವಿಬ್ಬರು ಮಾಡಿಕೊಳ್ಳಿ. ನೆಂಟರು ನೆನಪಿಡಬೇಕಾದದ್ದು ಒಂದೇ ಜಾಗ.

ಕ್ಷಮೆ ಕೇಳುವ ಬಗ್ಗೆ ಜಾಸ್ತಿ ಹೊತ್ತು ಮಾತಾಡಿದೆವು. ಮಕ್ಕಳ ಎದುರು ಕೂಗಿದ್ದಕ್ಕೆ ಕ್ಷಮೆ, ಕಸ ಬೇರ್ಪಡಿಸುವ ಪದ್ಧತಿಗಲ್ಲ. ಮಾತಿನಲ್ಲಿ "ಆದರೆ" ಬರಬಾರದು. ವೀಣಾ ನನ್ನೆದುರು ಹೇಳಿ ನೋಡಿದರು. ಎರಡನೇ ವಾಕ್ಯಕ್ಕೇ "ಆದರೆ" ಬಂತು. ಮತ್ತೆ ಹೇಳಿಸಿದೆ.

ಅಕ್ಕ ಒಂದು ಮಾತು ಕೇಳಿದ್ದರು: "ಬ್ಯಾರೆಯವ್ರ ಮನಿಗೆ ಹೋದಾಗ ನಾನರ ಹೆಂಗ ಇರಬೇಕ್ರಿ?" ಅವರಿಗೆ ಹೇಳಿದ್ದನ್ನು ಎಲ್ಲ ನೆಂಟರಿಗೂ ಹೇಳಬಲ್ಲೆ. ಚೆಲ್ಲುವ ಮೊದಲು ಒಂದು ಸಲ ಕೇಳಿ. ಅನ್ನ, ಸಾರು ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟಿಕೊಂಡರೆ ಖರ್ಚು ಮನೆಯವರದು. ಉಳಿದ ಚಪಾತಿಯನ್ನು ಕೆಳಗಿನ ನಾಯಿಗೆ, ಬಾಲ್ಕನಿಯ ಪಾರಿವಾಳಕ್ಕೆ ನೀವಾಗಿಯೇ ಹಾಕಬೇಡಿ, ಸೊಸೈಟಿಯಲ್ಲಿ ಮಾತು ಕೇಳುವವರು ಮನೆಯವರು. ಮಾಂಸ ಬೇಯಿಸದ ಮನೆಯಲ್ಲಿ ಹೊರಗಿನಿಂದ ತಂದ ಬಿರಿಯಾನಿಯ ಎಲುಬು ಅವರ ಡಬ್ಬಿಗೆ ಹಾಕುವುದಂತೂ ಬೇಡವೇ ಬೇಡ. ತಾಟು ನೀವೇ ಎತ್ತಲು ಹೋಗಿ, "ಬ್ಯಾಡ್ರಿ, ಬಿಡ್ರಿ" ಅಂದರೆ ಬಿಟ್ಟುಬಿಡಿ. ಎಂಜಲಿನ ವಿಷಯದಲ್ಲಿ ಒಂದೊಂದು ಮನೆಗೆ ಒಂದೊಂದು ರೀತಿ, ಅದರಲ್ಲಿ ಜಗ್ಗಾಟ ಬೇಡ. ವಾರಗಟ್ಟಲೆ ಇರುವವರಾದರೆ ಮಾತ್ರ ಬೆಳಿಗ್ಗೆ ಡಬ್ಬಿ ಬಾಗಿಲಿಗೆ ಇಡುವ ಕೆಲಸ ನಿಮ್ಮದಾಗಲಿ.

ಮುಂದಿನ ಭೇಟಿಗೆ ಇಬ್ಬರೂ ಬಂದರು. ಫೋನು ಮಾಡಿ ಆಗಿತ್ತು. ಅಕ್ಕ "ಇರ್ಲಿ ಬಿಡು" ಅಂದು, ಬೇರೆ ಮಾತು ತೆಗೆದರಂತೆ. ವೀಣಾಗೆ ಅದು ಸಾಲಲಿಲ್ಲ, ಇನ್ನೂ ಮುನಿಸಿದೆ ಅನ್ನಿಸಿದೆ. ಇರಬಹುದು. ಅದನ್ನು ಇನ್ನೊಂದು ಫೋನಿನಿಂದ ಎಳೆದು ತೆಗೆಯಬೇಡಿ, ದೀಪಾವಳಿಗೆ ಗಿರೀಶನೇ ಕರೆಯಲಿ ಅಂದೆ. ಗಿರೀಶ ಡಬ್ಬಿಗಳ ಕೆಲಸ ಶುರು ಮಾಡಿದ್ದಾರೆ. ಒಣ ಎಲೆ ಹಾಕುವುದನ್ನು ಮರೆಯುತ್ತಾರೆ ಅಂತ ವೀಣಾ ದೂರಿದರು. ಮನೆಯ ಉಳಿದ ಕೆಲಸಗಳ ಹಂಚಿಕೆಯ ಮಾತು ಅಲ್ಲಿಂದಲೇ ಎದ್ದಿತು, ಮುಂದಿನ ಭೇಟಿಗೆ ಅದನ್ನೇ ಇಟ್ಟುಕೊಂಡಿದ್ದೇವೆ.