ಮಹಿಷಾಸುರನಿಗೆ ಅಕ್ಕನ ಹೀಲ್ಸ್

ಪ್ರಶ್ನೆ: ಮೇಡಂ, ಕಾಲೇಜಿನ ನೃತ್ಯರೂಪಕದಲ್ಲಿ ನಾನು ಮಹಿಷಾಸುರ. ಚಾಮುಂಡಿ ಬೆಟ್ಟದ ವಿಗ್ರಹದ ಹಾಗೇ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು. ನಾನು ಕುಳ್ಳಗಿದ್ದೇನೆ. ಅಕ್ಕನ ಹಳೇ ಪ್ಲಾಟ್‌ಫಾರ್ಮ್ ಹೀಲ್ಸ್ ಇದೆ, ಹಿಂದೆ 5 ಇಂಚು, ಮುಂದೆ 2 ಇಂಚು. ಥರ್ಮಾಕೋಲ್ ಅಂಟಿಸಿ, ಚಿನ್ನದ ಬಣ್ಣ ಹೊಡೆದು ಗೊರಸಿನ ಹಾಗೆ ಮಾಡಬಹುದಾ?
– ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಖಂಡಿತ ಮಾಡಬಹುದು, ಥರ್ಮಾಕೋಲ್ ಮಾತ್ರ ಬೇಡಮ್ಮ. ಚಪ್ಪಲಿಗೆ ಹಾಕುವ ರಬ್ಬರ್ ಗಮ್ ತಾಗಿದರೆ ಅದು ಕರಗಿಹೋಗುತ್ತದೆ, ಸ್ಪ್ರೇ ಪೇಂಟ್‌ಗೂ ಅದೇ ಗತಿ. ಇವಿಎ ಫೋಮ್ ಶೀಟ್ (ಸ್ಪಂಜಿನಂಥ ಹಗುರವಾದ ಮೆತ್ತನೆ ಹಾಳೆ) ತಗೊಳ್ಳಿ, ಬ್ಲೇಡಿನಲ್ಲೇ ಕತ್ತರಿಸಬಹುದು.

ಆದರೆ ಅಲಂಕಾರಕ್ಕೆ ಮುಂಚೆ ನಡಿಗೆ ನೋಡಿ. ಮುಂದಿನ 2 ಇಂಚು ಕಳೆದರೆ ನಿಮ್ಮ ಹಿಮ್ಮಡಿ ಏರುವುದು 3 ಇಂಚೇ, ಅದು ಪರವಾಗಿಲ್ಲ. ನನಗೆ ಚಿಂತೆ ಇರುವುದು ಬೇರೆ: ಎರಡೂ ಕೈ ತುಂಬಿರುತ್ತವೆ, ಕಾಲು ಹೊರಳಿದರೆ ಹಿಡಿದುಕೊಳ್ಳಲು ಏನೂ ಇಲ್ಲ, ಅಲ್ವಾ? ಹಾಗಾಗಿ ಮೊದಲು ಚಪ್ಪಲಿ ರಿಪೇರಿಯವರ ಹತ್ತಿರ ಹೋಗಿ, ಕಣಕಾಲಿಗೆ ಬಕಲ್ ಇರುವ ಅಗಲವಾದ ಪಟ್ಟಿ ಹೊಲಿಸಿ, ಅಡಿಗೆ ಗೀರುಗಳಿರುವ ರಬ್ಬರ್ ಶೀಟ್ ಹಾಕಿಸಿ. ಅದನ್ನು ಹಾಕಿಕೊಂಡು ಪೂರ್ತಿ ಕುಣಿತ ಅಭ್ಯಾಸ ಮಾಡಿ. ಕಾಲು ಅಲ್ಲಾಡಿದರೆ ಹೀಲ್ಸ್ ಬಿಟ್ಟುಬಿಡಿ. ಕೊಂಬು, ಕಿರೀಟದಲ್ಲೇ ಎತ್ತರ ತರಬಹುದು.

ಸರಿಹೋಯಿತು ಅಂದರೆ ಮುಂದಿನ ಕೆಲಸ. ಹೊಳಪಿನ ಮೇಲೆ ಗಮ್ ನಿಲ್ಲುವುದಿಲ್ಲ, ಅದಕ್ಕೇ ಫೋಮ್ ಅಂಟಿಸುವ ಕಡೆ ಚಪ್ಪಲಿಯನ್ನು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಒರೆಸಿ. ಗಮ್ಮನ್ನು ಚಪ್ಪಲಿಗೂ ಫೋಮ್‌ಗೂ ತೆಳುವಾಗಿ ಹಚ್ಚಿ, 10-15 ನಿಮಿಷ ಒಣಗಲು ಬಿಟ್ಟು, ಆಮೇಲೆ ಒತ್ತಿ. ಒಮ್ಮೆ ಕೂತರೆ ಮತ್ತೆ ಸರಿಸಲಾಗದು, ಆದ್ದರಿಂದ ಮೊದಲೇ ಗುರುತು ಹಾಕಿಕೊಂಡಿರಿ. ಇದನ್ನು ಮಹಡಿ ಮೇಲೆ ಗಾಳಿಯಲ್ಲಿ ಮಾಡಿ, ಒಲೆ ಹತ್ತಿರ ಖಂಡಿತ ಬೇಡ. ಗೊರಸಿನ ಎರಡು ಹೋಳನ್ನು ಬೇರೆ ಬೇರೆಯಾಗಿ ಕತ್ತರಿಸಿ, ನಡುವೆ ಸೀಳು ಬಿಟ್ಟು ಅಂಟಿಸಿದರೆ ದೂರದಿಂದಲೂ ಎದ್ದು ಕಾಣುತ್ತದೆ. ಪಾದ ಮಡಚುವ ಜಾಗಕ್ಕೆ ಫೋಮ್ ಹಾಕಬೇಡಿ.

ಚಿನ್ನದ ಬಣ್ಣವನ್ನು ಫೋಮ್ ಮೇಲೆ ನೇರವಾಗಿ ಹೊಡೆದರೆ ಅದು ಹೀರಿಕೊಂಡು ಮಂಕಾಗುತ್ತದೆ. ಮರಕ್ಕೆ ಬಳಸುವ ಬಿಳಿ ಫೆವಿಕಾಲ್ ಎರಡು ಸಲ ತೆಳುವಾಗಿ ಬಳಿದು, ಒಣಗಿದ ಮೇಲೆ ಕಂದು ಅಕ್ರಿಲಿಕ್, ಅದರ ಮೇಲೆ ಚಿನ್ನ. ದಪ್ಪ ಬಳಿದರೆ ಬಿರುಕು ಬಿಡುತ್ತದೆ.

ಕಚ್ಚೆಯ ಉದ್ದವನ್ನು ಹೀಲ್ಸ್ ಹಾಕಿಕೊಂಡೇ ಅಳೆಸಿ. ಮತ್ತೆ, ಆ ಹೀಲ್ಸ್ ಇನ್ನು ಮೊದಲಿನಂತಾಗುವುದಿಲ್ಲ, ಅಕ್ಕನನ್ನು ಕೇಳಿಯೇ ಶುರು ಮಾಡಿ.