ಕೆಸರಿನ ಹಾವಸೆಯನ್ನು ಪ್ರಯೋಗಾಲಯದಲ್ಲಿ ಉಳಿಸಿಕೊಂಡರೆ ಸಾಲದೆ?

ಪ್ರಶ್ನೆ: ನೀರು ಇಳಿದ ದಡದ ಕೆಸರಿನಲ್ಲಿ ಮೊಳೆಯುವ, ಸುಮಾರು ಒಂದು ಮಿಲಿಮೀಟರ್ ಎತ್ತರದ ಹಾವಸೆಯೊಂದಕ್ಕೆ ಬ್ರಿಟನ್ನಿನಲ್ಲಿ ಕಾನೂನಿನ ರಕ್ಷಣೆ ಇದೆಯೆಂದು ಓದಿದೆ. ವರ್ಷದ ಬಹುಪಾಲು ಕಣ್ಣಿಗೇ ಬೀಳದ ಇಂಥ ಸಸ್ಯವನ್ನು ಕಾಯುವುದು ಹೇಗೆ? ಪ್ರಯೋಗಾಲಯದಲ್ಲಿ ಬೆಳೆಸಿಟ್ಟುಕೊಂಡರೆ ಸಾಲದೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಾವು ಓದಿರುವುದು ಮೈಕ್ರೊಮಿಟ್ರಿಯಮ್ ಟೆನೆರಮ್ ಎಂಬ ಹಾವಸೆಯ ವಿಷಯವಿರಬೇಕು. ಬ್ರಿಟನ್ನಿನ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ 8ನೆಯ ಅನುಸೂಚಿಯಲ್ಲಿ ಅದರ ಹೆಸರಿದೆ. ಬೇಕೆಂದೇ ಅದನ್ನು ಕೀಳುವುದು ಅಪರಾಧ. ಆದರೆ ಇಷ್ಟು ಸಣ್ಣ ಗಿಡವನ್ನು ಕೀಳಲು ಹೋಗುವವರು ಯಾರು? ಅದಕ್ಕೆ ನಿಜವಾದ ಅಪಾಯ ಬರುವುದು ನೀರಿನ ನಿರ್ವಹಣೆಯಿಂದ.

ಇಂಥ ಹಾವಸೆಗಳು ಬೇಸಿಗೆಯ ಕೊನೆಯಲ್ಲಿ ನೀರು ಇಳಿದು ಕೆಸರು ತೆರೆದುಕೊಂಡಾಗ ಮೊಳೆತು, ಕೆಲವೇ ವಾರಗಳಲ್ಲಿ ಬೀಜಕಗಳನ್ನು (ಬೀಜದಂತೆ ಹೊಸ ಗಿಡಕ್ಕೆ ಮೂಲವಾಗುವ ಸೂಕ್ಷ್ಮ ಕಣಗಳನ್ನು) ಕಟ್ಟಿ, ನೀರು ಮತ್ತೆ ಏರುವುದರೊಳಗೆ ಬಾಳು ಮುಗಿಸುತ್ತವೆ. ಉಳಿದ ಕಾಲವೆಲ್ಲ ಅವು ಕೆಸರಿನೊಳಗೆ ಬೀಜಕಗಳಾಗಿಯೇ ಇರುತ್ತವೆ. ಆದ್ದರಿಂದ ಒಂದು ವರ್ಷ ಕಾಣಿಸಲಿಲ್ಲವೆಂದು ಅಳಿದೇಹೋಯಿತೆಂದು ಬರೆದುಬಿಡುವುದು ಆತುರದ ಮಾತಾಗುತ್ತದೆ. ನೀರಿನ ಮಟ್ಟವನ್ನು ವರ್ಷವಿಡೀ ಒಂದೇ ಸಮನಾಗಿ ನಿಲ್ಲಿಸಿದರೆ, ದಡಕ್ಕೆ ಕಲ್ಲು ಹೊದಿಸಿದರೆ, ಅಥವಾ ಹೊಲಗಳಿಂದ ಹರಿದುಬಂದ ಗೊಬ್ಬರದ ಸಾರದಿಂದ ಎತ್ತರದ ಕಳೆ ಹಬ್ಬಿದರೆ, ಬರಿಯ ಕೆಸರೇ ಇಲ್ಲವಾಗಿ ಈ ಚಕ್ರ ಮುರಿಯುತ್ತದೆ. ಬ್ರಿಟನ್ನಿನಲ್ಲಿ ಇದರ ಮೇಲೆ ಕ್ರಾಸುಲಾ ಹೆಲ್ಮ್ಸಿಯೈ ಎಂಬ ಪರದೇಶಿ ಜಲಸಸ್ಯದ ಕಾಟವೂ ಇದೆ. ಅದು ಕೆಸರನ್ನು ಚಾಪೆಯಂತೆ ಮುಚ್ಚಿಬಿಡುತ್ತದೆ. ದನಕರುಗಳು ನೀರಿಗಿಳಿದು ಅಲ್ಪಸ್ವಲ್ಪ ತುಳಿದಾಡುವುದು ಮಾತ್ರ ಹಾವಸೆಗೆ ಅನುಕೂಲವೇ, ಏಕೆಂದರೆ ಅದರಿಂದ ನೆಲ ತೆರೆದುಕೊಳ್ಳುತ್ತದೆ. ಎಲ್ಲೆಡೆ ಬೇಲಿ ಹಾಕಿಬಿಡುವುದನ್ನು ನಾನು ಒಪ್ಪದಿರುವುದು ಇದಕ್ಕಾಗಿ.

ಪ್ರಯೋಗಾಲಯದ ಮಾತಿಗೆ ಬಂದರೆ, ಇಂಥದೇ ನೆಲೆಯ ಫಿಸ್ಕೊಮಿಟ್ರಿಯಮ್ ಪೇಟೆನ್ಸ್ ಎಂಬ ಹಾವಸೆಯ ಉದಾಹರಣೆ ನಮ್ಮ ಮುಂದಿದೆ. 1962ರಲ್ಲಿ ಇಂಗ್ಲೆಂಡಿನ ಗ್ರಾನ್ಸ್‌ಡೆನ್ ಕಾಡಿನಲ್ಲಿ ಸಂಗ್ರಹಿಸಿದ ಮಾದರಿಯ ಒಂದೇ ಬೀಜಕದಿಂದ ಬೆಳೆಸಿದ ತಳಿ ಜಗತ್ತಿನ ಅನೇಕ ಪ್ರಯೋಗಾಲಯಗಳಿಗೆ ಹಂಚಿಹೋಯಿತು. ಅದರ ಜೀನೋಮು, ಅಂದರೆ ವಂಶವಾಹಿಗಳ ಒಟ್ಟು ವಿವರ, 2008ರಲ್ಲಿ ಪ್ರಕಟವಾಯಿತು. ಆದರೆ ದಶಕಗಳ ಕಾಲ ತುಂಡು ಮಾಡಿ ಮಾಡಿ ಬೆಳೆಸಿದ್ದರಿಂದ ಆ ತಳಿಯ ಫಲವತ್ತತೆ ಬಹಳ ಕುಂದಿತು, ಗಂಡು ಅಂಶದಲ್ಲಂತೂ ವಿಶೇಷವಾಗಿ. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಅಪರೂಪದ ಹಾವಸೆಗಳನ್ನು ಅತಿಶೀತದಲ್ಲಿ ಕಾಪಿಡುವ ಕೆಲಸವೂ ನಡೆದಿದೆ. ಕಷ್ಟಕಾಲಕ್ಕೆ ಅದು ಬೇಕು. ಆದರೆ ಒಂದು ದಡದ ಕೆಸರಿನಲ್ಲಿ ಅನೇಕ ವರ್ಷಗಳಿಂದ ಸೇರಿಕೊಂಡ ಬೀಜಕಗಳ ವೈವಿಧ್ಯವನ್ನು ಶೀಶೆಯಲ್ಲಿ ತುಂಬಿಡಲಾಗದು.

ಈ ವಿಷಯ ನಮಗೆ ದೂರದ್ದೇನೂ ಅಲ್ಲ. ಫಿಸ್ಕೊಮಿಟ್ರಿಯಮ್ ಕುಲದ ಒಂದು ಪ್ರಭೇದಕ್ಕೆ ಕೊಡಗಿನ ಹೆಸರಿನಿಂದಲೇ ಕೂರ್ಗೆನ್ಸೆ ಎಂದು ಹೆಸರಿಡಲಾಗಿದೆ. ನಮ್ಮ ಕೆರೆಯಂಗಳಗಳು ಒಣಗತೊಡಗಿದಾಗ ಹಾವಸೆಯ ಬಂಧುವಾದ ರಿಕ್ಸಿಯಾ ನಕ್ಷತ್ರಾಕಾರವಾಗಿ ಹಬ್ಬುವುದನ್ನು ತಾವೂ ನೋಡಿರಬಹುದು. ತಮ್ಮೂರಿನ ಕೆರೆಯ ಹೂಳು ತೆಗೆಯುವಾಗ ಅಂಚಿನ ಒಂದು ಭಾಗದ ಮೇಲ್ಪದರವನ್ನು ಮುಟ್ಟದೆ ಬಿಡುವಂತೆಯೂ, ಅಷ್ಟುದ್ದಕ್ಕೆ ಕಲ್ಲು ಹೊದಿಸದಂತೆಯೂ ಪಂಚಾಯಿತಿಯವರನ್ನು ಕೇಳಿಕೊಳ್ಳಬಹುದು.