ಮನೆಯಲ್ಲೇ ಕೂತು ಯೂನಿವರ್ಸಿಟಿ ಲೈಬ್ರರಿಯಿಂದ ಇಡೀ ಲೇಖನ, ಪುಸ್ತಕ ಪಡೆಯುವುದು ಹೇಗೆ?

ನೀವು ಕೇಳಿದ್ದರ ತಿರುಳು ಇಷ್ಟು: ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಸಮಾಜಶಾಸ್ತ್ರದ ಪಿಎಚ್.ಡಿ.ಗೆ ಸೇರಿದ್ದೀರಿ, ಇರುವುದು ತಾಲ್ಲೂಕು ಊರಿನ ಮನೆಯಲ್ಲಿ. ಗೈಡ್ ಅರವತ್ತು ಚಿಲ್ಲರೆ ಲೇಖನ, ಪುಸ್ತಕಗಳ ಪಟ್ಟಿ ಕೊಟ್ಟಿದ್ದಾರೆ. ಗೂಗಲ್ ಮಾಡಿದರೆ ಸಾರಾಂಶ ಮಾತ್ರ ತೋರಿಸಿ ಡಾಲರ್ ಕೇಳುತ್ತಿದೆ, ಲೈಬ್ರರಿ ಸೈಟಿನಲ್ಲಿ ಲೇಖನದ ಹೆಸರು ಹಾಕಿದರೆ ಏನೂ ಸಿಗುತ್ತಿಲ್ಲ. 'ಹಾಗಾದರೆ ನಮ್ಮ ಲೈಬ್ರರಿಯಲ್ಲಿ ಇಲ್ಲವೇ?'

ಇರಬಹುದು. ನೀವು ಹುಡುಕಿದ್ದು ಓಪ್ಯಾಕ್‌ನಲ್ಲಿ, ಅದು ಕಪಾಟಿನಲ್ಲಿರುವುದರ ಪಟ್ಟಿ. ಅದರಲ್ಲಿ ಪುಸ್ತಕಗಳ ಹೆಸರಿರುತ್ತದೆ, ಜರ್ನಲ್‌ಗಳ ಹೆಸರಿರುತ್ತದೆ. ಜರ್ನಲ್ ಒಳಗಿನ ಲೇಖನಗಳ ಹೆಸರು ಇರುವುದಿಲ್ಲ. ಲೈಬ್ರರಿ ದುಡ್ಡು ಕೊಡುವುದು ಜರ್ನಲ್ಲಿಗೆ, ಅದೂ ಇಂತಿಷ್ಟು ವರ್ಷಗಳ ಸಂಚಿಕೆಗಳಿಗೆ. ಹಾಗಾಗಿ ಲೇಖನದ ಹೆಸರನ್ನು ಸದ್ಯಕ್ಕೆ ಮರೆತು, ಅದು ಯಾವ ಜರ್ನಲ್ಲಿನ ಯಾವ ವರ್ಷದ ಸಂಚಿಕೆಯಲ್ಲಿದೆ ಎಂದು ನೋಡಿ, ಆ ಸಂಚಿಕೆ ಎಲ್ಲಿ ಸಿಗುತ್ತದೆ ಎಂದು ಹುಡುಕಿ.

ನಿಮ್ಮ ಪಟ್ಟಿಯಲ್ಲಿ ಖಂಡಿತ ಇರುವಂಥ ಒಂದನ್ನೇ ತೆಗೆದುಕೊಳ್ಳೋಣ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಸಂಸ್ಕೃತೀಕರಣ ಮತ್ತು ಪಾಶ್ಚಾತ್ಯೀಕರಣದ ಬಗ್ಗೆ 1956ರಲ್ಲಿ ಬರೆದ ಟಿಪ್ಪಣಿ. ಪ್ರಕಟವಾದದ್ದು 'ಫಾರ್ ಈಸ್ಟರ್ನ್ ಕ್ವಾರ್ಟರ್ಲಿ'ಯ 15ನೇ ಸಂಪುಟ, 4ನೇ ಸಂಚಿಕೆ, ಪುಟ 481ರಿಂದ 496. ಈ ಹೆಸರಿನ ಜರ್ನಲ್ ಈಗಿನ ಚಂದಾ ಪಟ್ಟಿಯಲ್ಲಿ ಸಿಗದೇ ಹೋಗಬಹುದು, ಏಕೆಂದರೆ ಮುಂದಿನ, ಅಂದರೆ 16ನೇ ಸಂಪುಟದಿಂದ ಅದರ ಹೆಸರು 'ಜರ್ನಲ್ ಆಫ್ ಏಷ್ಯನ್ ಸ್ಟಡೀಸ್' ಎಂದಾಯಿತು. ಹೊಸ ಹೆಸರಿನಲ್ಲಿ ಹುಡುಕಿ, ಹಳೆಯ ಸಂಪುಟಗಳಿಗೆ ಹೋಗಬೇಕು. 'ಎಕನಾಮಿಕ್ ವೀಕ್ಲಿ'ಯದೂ ಇದೇ ಕಥೆ. 1966ರಿಂದ ಅದು 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'. ಐವತ್ತು-ಅರವತ್ತರ ದಶಕದ ಲೇಖನ ಸಿಗಲಿಲ್ಲವೆಂದರೆ ನಾನು ಮೊದಲು ಅನುಮಾನಪಡುವುದು ಜರ್ನಲ್ಲಿನ ಹೆಸರನ್ನು.

ಇನ್ನೊಂದು ಎಡವಟ್ಟು, ಪುಸ್ತಕದೊಳಗಿನ ಅಧ್ಯಾಯ. ಉಲ್ಲೇಖದ ನಡುವೆ 'ಇನ್' ಎಂದೂ, ಆಮೇಲೆ ಇನ್ನೊಬ್ಬರ ಹೆಸರಿನ ಮುಂದೆ 'ಸಂಪಾದಕ' ಎಂದೂ, ಕೊನೆಗೆ ಪುಟಸಂಖ್ಯೆಯೂ ಇದ್ದರೆ ಅದು ಜರ್ನಲ್ ಲೇಖನವಲ್ಲ. ಅಧ್ಯಾಯದ ಲೇಖಕರ ಹೆಸರಲ್ಲಿ ಹುಡುಕಿದರೆ ಓಪ್ಯಾಕ್ ಕೈ ಎತ್ತುತ್ತದೆ. ಸಂಪಾದಕರ ಹೆಸರು ಮತ್ತು ಪುಸ್ತಕದ ಹೆಸರು ಹಾಕಬೇಕು. ಪಟ್ಟಿ ಕೈಗೆ ಬಂದ ದಿನವೇ ಪೆನ್ನು ಹಿಡಿದು ಪ್ರತಿಯೊಂದರ ಪಕ್ಕ ಜ, ಪು, ಅ, ಥೀ ಎಂದು ಗುರುತು ಹಾಕಿಬಿಡಿ: ಜರ್ನಲ್, ಪುಸ್ತಕ, ಅಧ್ಯಾಯ, ಥೀಸಿಸ್. ನಾಲ್ಕಕ್ಕೂ ದಾರಿ ಬೇರೆ ಬೇರೆ.

ಇನ್ನು ಡಾಲರ್ ಕೇಳುವ ವಿಷಯ. ಪ್ರಕಾಶಕರ ಸೈಟಿಗೆ ನೀವು ಯಾರೆಂದು ಗೊತ್ತಿಲ್ಲ. ಕ್ಯಾಂಪಸ್ಸಿನ ವೈಫೈಯಲ್ಲಿದ್ದರೆ ಐಪಿ ವಿಳಾಸ ನೋಡಿ ಬಾಗಿಲು ತೆರೆಯುತ್ತದೆ. ಮನೆಯ ಬ್ರಾಡ್‌ಬ್ಯಾಂಡ್ ಅಥವಾ ಮೊಬೈಲ್ ಡೇಟಾದಲ್ಲಿದ್ದರೆ ನೀವು ದಾರಿಹೋಕರು. ಹಾಸ್ಟೆಲ್ಲಿನಲ್ಲೇ ಕೂತು ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು 'ನಮ್ಮ ಯೂನಿವರ್ಸಿಟಿಗೆ ಆಕ್ಸೆಸ್ ಇಲ್ಲ' ಎನ್ನುವವರೂ ಇದ್ದಾರೆ. ಮನೆಯಿಂದ ಓದಲು ಎರಡು ದಾರಿ. ಒಂದು, ಲೈಬ್ರರಿ ಕೊಡುವ ರಿಮೋಟ್ ಆಕ್ಸೆಸ್ ಲಾಗಿನ್. ಮೈಲಾಫ್ಟ್, ನಿಂಬಸ್‌ನಂಥ ಯಾವುದಾದರೂ ಒಂದು ಇರುತ್ತದೆ. ಇನ್ನೊಂದು ಇನ್‌ಫೆಡ್, ಗುಜರಾತಿನ ಗಾಂಧಿನಗರದಲ್ಲಿರುವ, ವಿಶ್ವವಿದ್ಯಾಲಯ ಲೈಬ್ರರಿಗಳ ಜಾಲಕೇಂದ್ರವಾದ ಇನ್‌ಫ್ಲಿಬ್‌ನೆಟ್ ನಡೆಸುವ ವ್ಯವಸ್ಥೆ. ಇದರಲ್ಲಿ ಪ್ರಕಾಶಕರ ಪುಟದಲ್ಲೇ 'ನಿಮ್ಮ ಸಂಸ್ಥೆಯ ಮೂಲಕ ಪ್ರವೇಶ' ಎಂಬ ಅರ್ಥದ ಕೊಂಡಿ ಒತ್ತಿ, ಇನ್‌ಫೆಡ್ ಆರಿಸಿ, ನಿಮ್ಮ ವಿಶ್ವವಿದ್ಯಾಲಯ ಆರಿಸಿ ಲಾಗಿನ್ ಆಗಬೇಕು. ಎರಡಕ್ಕೂ ಯೂಸರ್ ಐಡಿ ಹುಟ್ಟುವುದು ನಿಮ್ಮ ಲೈಬ್ರರಿಯಲ್ಲೇ. ಪಿಎಚ್.ಡಿ. ನೋಂದಣಿಯಾದ ಮಾತ್ರಕ್ಕೆ ತಾನಾಗಿ ಬರುತ್ತದೆಂದು ಕಾಯಬೇಡಿ, ಲೈಬ್ರರಿ ಕಾರ್ಡ್ ಮಾಡಿಸುವಾಗಲೇ ಕೇಳಿ. ನೀವು ಅನುದಾನಿತ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರೆ, ಆ ಕಾಲೇಜು ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಜರ್ನಲ್, ಇ-ಪುಸ್ತಕ ಒದಗಿಸುವ ಯೋಜನೆ) ಸದಸ್ಯನೇ ಎಂದೂ ವಿಚಾರಿಸಿ. ಅದರ ಲಾಗಿನ್ ಬೇರೆ, ಮನೆಯಿಂದಲೇ ನಡೆಯುತ್ತದೆ.

ಒಳಗೆ ಏನು ಸಿಗುತ್ತದೆ? 2025ರ ಜನವರಿಯಿಂದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ, ರಾಜ್ಯದ್ದೂ ಸೇರಿ, 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಬಂದಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳಿಗೆ 2025ರಿಂದ 2027ರವರೆಗೆ ಕೇಂದ್ರವೇ ಹಣ ಕಟ್ಟುವ ಯೋಜನೆ. ಆದರೆ ಮೊದಲು ಹೇಳಿದ್ದು ಇಲ್ಲಿಯೂ ನಿಜ: ಜರ್ನಲ್ಲಿನ ಹೆಸರು ಪಟ್ಟಿಯಲ್ಲಿದ್ದರೆ ಸಾಲದು, ಅದರ ಪಕ್ಕದ ವರ್ಷಗಳನ್ನು ಓದಿ. '1997ರಿಂದ ಇಂದಿನವರೆಗೆ' ಎಂದಿದ್ದರೆ 1985ರ ಲೇಖನಕ್ಕೆ ಡಾಲರ್ ಕೇಳಿಯೇ ಕೇಳುತ್ತದೆ; ಹಳೆಯ ಸಂಪುಟಗಳನ್ನು ಪ್ರಕಾಶಕರು ಬೇರೆ ಕಟ್ಟಾಗಿ ಮಾರುತ್ತಾರೆ. 'ಎಂಬಾರ್ಗೊ 12 ತಿಂಗಳು' ಎಂದಿದ್ದರೆ ಈಚಿನ ಒಂದು ವರ್ಷದ್ದು ಕಾಣುವುದಿಲ್ಲ. ಹಳೆಯ ಜರ್ನಲ್‌ಗಳ ಆನ್‌ಲೈನ್ ಭಂಡಾರವಾದ ಜೆಸ್ಟೋರ್‌ನದು ಆ 1997ರ ಉದಾಹರಣೆಗೆ ತದ್ವಿರುದ್ಧ ಸ್ವಭಾವ: ಮೊದಲ ಸಂಚಿಕೆಯಿಂದ ಇರುತ್ತದೆ, ಹಲವು ಜರ್ನಲ್‌ಗಳ ಈಚಿನ ಮೂರರಿಂದ ಐದು ವರ್ಷ ಇರುವುದಿಲ್ಲ. ಒಂದೇ ಜರ್ನಲ್ ಎರಡು ಕಡೆ ಸಿಗುವುದು ಇದಕ್ಕೇ ಅನುಕೂಲ, ಹಳೆಯದು ಒಂದು ಕಡೆ, ಹೊಸದು ಇನ್ನೊಂದು ಕಡೆ. ಅಂದಹಾಗೆ ಸ್ಕೋಪಸ್, ವೆಬ್ ಆಫ್ ಸೈನ್ಸ್‌ಗಳಲ್ಲಿ ಲೇಖನಕ್ಕಾಗಿ ತಡಕಾಡಬೇಡಿ. ಅವು ಯಾರು ಯಾರನ್ನು ಉಲ್ಲೇಖಿಸಿದರು ಎಂಬುದರ ಸೂಚಿಗಳು, ಪಠ್ಯ ಅಲ್ಲಿರುವುದಿಲ್ಲ.

ಡಿಒಐ ಸಂಖ್ಯೆ, ಅಂದರೆ ಲೇಖನಕ್ಕೆ ಕೊಂಡಿಯಂತೆ ಕೆಲಸ ಮಾಡುವ ಶಾಶ್ವತ ಗುರುತಿನ ಸಂಖ್ಯೆ, ಇದ್ದರೆ ಅದೇ ಅತಿ ಹತ್ತಿರದ ದಾರಿ. ಅದು ಯಾವಾಗಲೂ 10 ಮತ್ತು ಚುಕ್ಕಿಯಿಂದ ಶುರುವಾಗುತ್ತದೆ. ಓರೆಗೆರೆಯ ಮುಂಚಿನ ಭಾಗ ಸಂಖ್ಯೆ ಕೊಟ್ಟವರನ್ನು ಹೇಳುತ್ತದೆ, 10.2307 ಎಂದಿದ್ದರೆ ಜೆಸ್ಟೋರ್. ಪಟ್ಟಿಯ ಪಿಡಿಎಫ್‌ನಿಂದ ನಕಲಿಸುವಾಗ ಕೊನೆಯ ಪೂರ್ಣವಿರಾಮವೂ ಜೊತೆಗೆ ಬಂದು ಕೊಂಡಿ ಕೆಡುತ್ತದೆ, ಅದನ್ನು ಅಳಿಸಿ. ಕ್ರೋಮ್ ಅಥವಾ ಫೈರ್‌ಫಾಕ್ಸ್‌ಗೆ ಅನ್‌ಪೇವಾಲ್ ಎಂಬ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಲೇಖನದ ಪುಟ ತೆರೆದಾಗ ಪಕ್ಕದಲ್ಲಿ ಹಸಿರು ಬೀಗ ಕಂಡರೆ ಕಾನೂನುಬದ್ಧ ಉಚಿತ ಪ್ರತಿ ಎಲ್ಲೋ ಇದೆ. ಗೂಗಲ್ ಸ್ಕಾಲರ್‌ನಲ್ಲಿ ಹೆಸರಿನ ಕೆಳಗಿರುವ 'ಎಲ್ಲ ಆವೃತ್ತಿಗಳು' ಕೊಂಡಿಯನ್ನು ಜನ ಒತ್ತುವುದೇ ಇಲ್ಲ, ಲೇಖಕರು ತಮ್ಮ ಸಂಸ್ಥೆಯ ಸೈಟಿನಲ್ಲಿ ಹಾಕಿದ ಪ್ರತಿ ಅಡಗಿರುವುದು ಅಲ್ಲೇ. ಅದು ಅಂತಿಮ ಕರಡು ಮಾತ್ರವಾಗಿದ್ದರೆ ಓದಲು ಸಾಕು, ಆದರೆ ಪುಟಸಂಖ್ಯೆ ಅದರಿಂದ ಎತ್ತಬೇಡಿ. ಜೆಸ್ಟೋರ್‌ನಲ್ಲಿ ಸ್ವಂತ ಉಚಿತ ಖಾತೆ ತೆರೆದರೆ 30 ದಿನಕ್ಕೆ 100 ಲೇಖನ ಪರದೆಯ ಮೇಲೆ ಓದಬಹುದು, ಇಳಿಸಿಕೊಳ್ಳಲು ಆಗದು. ಶ್ರೀನಿವಾಸರ ಟಿಪ್ಪಣಿಗೆ ಬೇರೆ ದಾರಿ ಮುಚ್ಚಿದ್ದರೆ ಇದನ್ನು ಪ್ರಯತ್ನಿಸಿ.

ಲಾಗಿನ್ ಸಿಕ್ಕಿತೆಂದು ಒಂದೇ ರಾತ್ರಿ ಸಂಪುಟಗಟ್ಟಲೆ ಬಾಚಬೇಡಿ. ಯಂತ್ರ ಇಳಿಸುತ್ತಿದೆ ಎಂದು ಪ್ರಕಾಶಕರಿಗೆ ಅನುಮಾನ ಬಂದರೆ ಇಡೀ ವಿಶ್ವವಿದ್ಯಾಲಯದ ಪ್ರವೇಶವನ್ನೇ ತಡೆಯುತ್ತಾರೆ, ಆಮೇಲೆ ಪತ್ರ ಬರೆದು ಬಿಡಿಸಿಕೊಳ್ಳುವ ಕೆಲಸ ಲೈಬ್ರರಿಯವರದು.

ಪುಸ್ತಕಗಳ ವಿಷಯದಲ್ಲಿ ಇಷ್ಟು ಉದಾರತೆ ನಿರೀಕ್ಷಿಸಬೇಡಿ. 'ಒನ್ ನೇಷನ್' ಯೋಜನೆ ಜರ್ನಲ್‌ಗಳದ್ದು. ಇ-ಪುಸ್ತಕ ಇದ್ದರೂ ಒಮ್ಮೆಗೆ ಒಬ್ಬರೇ ಓದಬಹುದು, ಇಷ್ಟೇ ಪುಟ ಮುದ್ರಿಸಬಹುದು ಎಂಬ ಕಟ್ಟು ಇರಬಹುದು. ನಿಮ್ಮಲ್ಲಿ ಇಲ್ಲದ ಪುಸ್ತಕ ಯಾವ ವಿಶ್ವವಿದ್ಯಾಲಯದಲ್ಲಿದೆ ಎಂದು ಇನ್‌ಫ್ಲಿಬ್‌ನೆಟ್‌ನ ಇಂಡ್‌ಕ್ಯಾಟ್‌ನಲ್ಲಿ ನೋಡಿ. ನಿಮ್ಮ ಲೈಬ್ರರಿ ಡೆಲ್‌ನೆಟ್ ಎಂಬ ಲೈಬ್ರರಿಗಳ ಜಾಲದ ಸದಸ್ಯನಾಗಿದ್ದರೆ ಅವರ ಮೂಲಕ ಅಂತರಗ್ರಂಥಾಲಯ ಎರವಲು ಕೇಳಬಹುದು. ಅರ್ಜಿ ಲೈಬ್ರರಿಯಿಂದಲೇ ಹೋಗಬೇಕು, ವಿದ್ಯಾರ್ಥಿ ನೇರ ಕೇಳುವಂತಿಲ್ಲ.

ಕನ್ನಡದ ಆಕರಗಳದ್ದೇ ನಿಜವಾದ ಫಜೀತಿ. ಎಷ್ಟೋ ಓಪ್ಯಾಕ್‌ಗಳಲ್ಲಿ ಕನ್ನಡ ಪುಸ್ತಕದ ಹೆಸರು ರೋಮನ್ ಅಕ್ಷರದಲ್ಲಿ, ನಮೂದಿಸಿದವರ ಮನಸ್ಸಿಗೆ ಬಂದ ಕಾಗುಣಿತದಲ್ಲಿ ಇರುತ್ತದೆ. ದೀರ್ಘಕ್ಕೆ ಒಂದು 'ಎ'ಯೋ ಎರಡೋ, 'ಶ'ಕ್ಕೆ 'ಎಸ್‌ಎಚ್' ಹಾಕಿದ್ದಾರೋ ಬರೀ 'ಎಸ್' ಹಾಕಿದ್ದಾರೋ ಹೇಳಲಾಗದು. ಇಡೀ ಹೆಸರು ಹಾಕುವ ಬದಲು ಗೊಂದಲವಿಲ್ಲದ ಒಂದೇ ಪದ ಹಾಕಿ, ಇಲ್ಲವೇ ಲೇಖಕರ ಹೆಸರು ಮಾತ್ರ. ಅದೂ ಸೋತರೆ ಕಪಾಟಿಗೇ ಹೋಗಿ. ಪುಸ್ತಕಗಳನ್ನು ವಿಷಯದ ಸಂಖ್ಯೆಯಂತೆ ಜೋಡಿಸುವ ಡ್ಯೂಯಿ ಪದ್ಧತಿಯ ಲೈಬ್ರರಿಗಳಲ್ಲಿ ಕನ್ನಡ ಸಾಹಿತ್ಯ 894.814ರಲ್ಲಿರುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕನ್ನಡ ಸ್ಕ್ಯಾನ್‌ಗಳಿಗೂ ಇದೇ ಕಾಗುಣಿತದ ರೋಗ. ಅಲ್ಲೇ ಇರುವ 'ಸರ್ವೆಂಟ್ಸ್ ಆಫ್ ನಾಲೆಜ್' ಸಂಗ್ರಹವನ್ನೂ ಬಿಡದೆ ನೋಡಿ, ಬೆಂಗಳೂರಿನಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಅದರಲ್ಲಿ ಧಾರಾಳವಾಗಿವೆ. 'ಪ್ರಬುದ್ಧ ಕರ್ನಾಟಕ'ದಂಥ 1919ರಷ್ಟು ಹಳೆಯ ಪತ್ರಿಕೆಗೆ, ಪಟ್ಟಿಯಲ್ಲಿ ವರ್ಷ ಇಲ್ಲದಿದ್ದರೆ ನಿಯತಕಾಲಿಕ ವಿಭಾಗದಲ್ಲಿ ಕೂತು ಬೌಂಡ್ ವಾಲ್ಯೂಮ್‌ಗಳ ಪರಿವಿಡಿ ತಿರುವಿ ಹಾಕಬೇಕಾಗುತ್ತದೆ. ಅಲ್ಲಿ ಕಳೆಯುವ ಎರಡು ದಿನ ದಂಡವಲ್ಲ, ಪಟ್ಟಿಯಲ್ಲಿಲ್ಲದ್ದೂ ಕಣ್ಣಿಗೆ ಬೀಳುತ್ತದೆ.

ಥೀಸಿಸ್‌ಗಳು ಶೋಧಗಂಗಾ ಎಂಬ, ಭಾರತೀಯ ವಿಶ್ವವಿದ್ಯಾಲಯಗಳ ಥೀಸಿಸ್ ಭಂಡಾರದ ಸೈಟಿನಲ್ಲಿವೆ, ಅಧ್ಯಾಯಕ್ಕೊಂದು ಪಿಡಿಎಫ್. 80 ಎಂದು ಶುರುವಾಗುವ ಫೈಲಿನಲ್ಲಿ ಸಾಮಾನ್ಯವಾಗಿ ಮುಖಪುಟವೂ ಉಪಸಂಹಾರವೂ ಒಟ್ಟಿಗಿರುತ್ತವೆ. ಅದನ್ನು ಮೊದಲು ಓದಿ, ಬೇಕೆನಿಸಿದರೆ ಉಳಿದದ್ದು. ಕನ್ನಡ ಥೀಸಿಸ್ ತೆರೆದು ಕಂಟ್ರೋಲ್-ಎಫ್ ಒತ್ತಿ ಕನ್ನಡದಲ್ಲಿ 'ಒಕ್ಕಲು' ಎಂದು ಹುಡುಕಿದರೆ ಸೊನ್ನೆ ಬರಬಹುದು, ಪದ ಕಣ್ಣೆದುರೇ ಇದ್ದರೂ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಾಗಿದ್ದರೆ ಹೀಗಾಗುತ್ತದೆ. ಒಳಗಿರುವುದು ವಿಚಿತ್ರ ರೋಮನ್ ಚಿಹ್ನೆಗಳು. ಉಪಾಯ ಸುಲಭ: ಪುಟದಲ್ಲಿ ಕಾಣುವ ಆ ಪದವನ್ನೇ ಮೌಸ್‌ನಿಂದ ಆಯ್ದು ನಕಲಿಸಿ, ಹುಡುಕು ಪೆಟ್ಟಿಗೆಗೆ ಅಂಟಿಸಿ. ಕಸದಂತೆ ಕಂಡರೂ ಕೆಲಸ ಮಾಡುತ್ತದೆ. ಪದ ಆಯ್ಕೆಯೇ ಆಗದಿದ್ದರೆ ಅದು ಬರೀ ಸ್ಕ್ಯಾನ್ ಚಿತ್ರ. ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯವಾಗಿ ಬಿಡಿಸಿಕೊಡುತ್ತದೆ. ಫೈಲು ದೊಡ್ಡದಿದ್ದರೆ ಹತ್ತು ಹತ್ತು ಪುಟ ತುಂಡು ಮಾಡಿ.

ಇಷ್ಟಾದ ಮೇಲೂ ಉಳಿದ ಏಳೆಂಟನ್ನು ಲೈಬ್ರರಿಯ ರೆಫರೆನ್ಸ್ ವಿಭಾಗಕ್ಕೆ ಇಮೇಲ್ ಮಾಡಿ. 'ಸಂಸ್ಕೃತೀಕರಣದ ಬಗ್ಗೆ ಲೇಖನ ಬೇಕು ಸರ್' ಎಂದು ಬರೆದರೆ ಉತ್ತರ ಬರುವುದು ಕಷ್ಟ. ಲೇಖಕ, ಜರ್ನಲ್, ಸಂಪುಟ, ಸಂಚಿಕೆ, ವರ್ಷ, ಪುಟ, ಡಿಒಐ ಬರೆದು, ಎಲ್ಲೆಲ್ಲಿ ನೋಡಿದಿರಿ, ಪರದೆ ಏನು ಹೇಳಿತು ಎಂಬುದರ ಸ್ಕ್ರೀನ್‌ಶಾಟ್ ಲಗತ್ತಿಸಿ. ಲೇಖಕರು ಬದುಕಿದ್ದರೆ ಅವರಿಗೇ ಎರಡು ಸಾಲಿನ ಇಮೇಲ್ ಹಾಕಿ, ಹೆಚ್ಚಿನವರು ತಮ್ಮ ಪ್ರತಿ ಕಳಿಸುತ್ತಾರೆ.